ಕಡಲಿಗೆ ಚೆಲ್ಲಿದ ಎಣ್ಣೆಯ ಜಾಡು ಹಿಡಿಯುವ ಬಗೆ

2025ರ ಮೇ 25ರಂದು ಕೊಚ್ಚಿಯಾಚೆಯ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಅದರ ಟ್ಯಾಂಕುಗಳಲ್ಲಿ ಸುಮಾರು 84 ಟನ್ ಡೀಸೆಲ್ ಮತ್ತು 367 ಟನ್ ಫರ್ನೇಸ್ ಆಯಿಲ್ (ಉರುವಲಾಗಿ ಬಳಸುವ ದಪ್ಪ ಎಣ್ಣೆ) ಇತ್ತು. ಅದರ ಹಿಂದಿನ ದಿನವಷ್ಟೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತ್ತು. ಮೋಡ ಕವಿದ ಇಂಥ ದಿನಗಳಲ್ಲಿ ಸಾಮಾನ್ಯ ಕ್ಯಾಮೆರಾ ಹೊತ್ತ ಉಪಗ್ರಹಗಳನ್ನು ನೆಚ್ಚಿ ಕೂರದೆ, ಹಗಲು ರಾತ್ರಿಯೆನ್ನದೆ ಮೋಡದ ಮೂಲಕವೂ ಕಾಣಬಲ್ಲ ರೇಡಾರ್ ಚಿತ್ರಗಳನ್ನು ಮೊದಲು ತರಿಸಿಕೊಳ್ಳಬೇಕು. ಯುರೋಪಿನ ಸೆಂಟಿನೆಲ್-1 ಮತ್ತು ನಮ್ಮ ಇಸ್ರೋದ ಇಒಎಸ್-04 ಈ ಬಗೆಯ ಉಪಗ್ರಹಗಳು.

ಎಣ್ಣೆ ಹರಡಿದ ಕಡೆ ನೀರಿನ ಸಣ್ಣ ಅಲೆಗಳು ಅಡಗುವುದರಿಂದ ರೇಡಾರ್ ಕಿರಣ ಅಲ್ಲಿಂದ ಹೆಚ್ಚು ಮರಳುವುದಿಲ್ಲ. ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಆದರೆ ಕಪ್ಪಗಿರುವುದೆಲ್ಲ ಎಣ್ಣೆಯಲ್ಲ. ಗಾಳಿಯ ವೇಗ ಸೆಕೆಂಡಿಗೆ ಎರಡು ಮೂರು ಮೀಟರಿಗಿಂತ ಕಡಿಮೆಯಿದ್ದರೆ ಬರಿಯ ನೀರೂ ಹಾಗೆಯೇ ಕಾಣುತ್ತದೆ. ಪಾಚಿಯ ಪದರ, ಮಳೆ ಸುರಿಯುತ್ತಿರುವ ಜಾಗ, ಗುಡ್ಡದ ಮರೆಯಲ್ಲಿ ಗಾಳಿ ತಗ್ಗಿದ ನೀರು ಇವೂ ಕಣ್ಣಿಗೆ ಮೋಸ ಮಾಡುತ್ತವೆ. ಗಾಳಿ ಹತ್ತು ಹನ್ನೆರಡು ಮೀಟರು ದಾಟಿದರಂತೂ ಅಬ್ಬರದ ಅಲೆಗಳಲ್ಲಿ ತೆಳುವಾದ ಎಣ್ಣೆ ಕಾಣದೇ ಹೋಗುತ್ತದೆ. ಹಾಗಾಗಿ ಚಿತ್ರ ತೆಗೆದ ಹೊತ್ತಿನ ಗಾಳಿಯ ವಿವರವಿಲ್ಲದೆ ಯಾವ ಕಪ್ಪು ಮಚ್ಚೆಗೂ ಎಣ್ಣೆಯೆಂಬ ಮುದ್ರೆ ಒತ್ತಬಾರದು.

ಖಾತ್ರಿ ಮಾಡಿಕೊಳ್ಳಲು ವಿಮಾನವೇ ಬೇಕು. ನಮ್ಮಲ್ಲಿ ಕೋಸ್ಟ್ ಗಾರ್ಡ್‌ನ ಡೋರ್ನಿಯರ್‌ಗಳು ಈ ಕೆಲಸ ಮಾಡುತ್ತವೆ. ಎಣ್ಣೆ ಸಾಮಾನ್ಯವಾಗಿ ಗಾಳಿಯ ದಿಕ್ಕಿಗೇ ಪಟ್ಟೆಪಟ್ಟೆಯಾಗಿ ಸಾಲುಗಟ್ಟುವುದರಿಂದ, ಗಾಳಿಗೆ ಅಡ್ಡಲಾಗಿ ಏಣಿಯ ಮೆಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ಹಾರಬೇಕು. ಸುಮಾರು 300ರಿಂದ 450 ಮೀಟರ್ ಎತ್ತರದಲ್ಲಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೋಡುವುದು ಒಳ್ಳೆಯದು. ಪ್ರತಿ ಫೋಟೋಕ್ಕೂ ಸಮಯ ಮತ್ತು ಅಕ್ಷಾಂಶ ರೇಖಾಂಶಗಳನ್ನು ದಾಖಲಿಸದಿದ್ದರೆ ಆ ಫೋಟೋ ಆಮೇಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಪ್ರಮಾಣವನ್ನು ಅಂದಾಜಿಸಲು ಹರವಿಗಿಂತ ಬಣ್ಣವನ್ನು ನಂಬಬೇಕು. ಕಡಲ ಮಾಲಿನ್ಯವನ್ನು ಎದುರಿಸಲು ಉತ್ತರ ಸಮುದ್ರದ ದೇಶಗಳು ಮಾಡಿಕೊಂಡ ಬಾನ್ ಒಪ್ಪಂದದ ಕೋಷ್ಟಕದ ಪ್ರಕಾರ, ಬೆಳ್ಳಿಯಂತೆ ಹೊಳೆಯುವ ತೆಳು ಪದರ ಒಂದು ಚದರ ಕಿಲೋಮೀಟರಿನಷ್ಟಿದ್ದರೆ ಅಲ್ಲಿರುವುದು 40ರಿಂದ 300 ಲೀಟರ್. ಕಾಮನಬಿಲ್ಲಿನ ಬಣ್ಣವಿದ್ದರೆ 300ರಿಂದ 5,000 ಲೀಟರ್. ಎಣ್ಣೆಯ ನಿಜವಾದ ಬಣ್ಣವೇ ಎಡೆಬಿಡದೆ ಕಂಡರೆ 2 ಲಕ್ಷ ಲೀಟರಿಗೂ ಹೆಚ್ಚು. ಮೈಲುಗಟ್ಟಲೆ ಹರಡಿದೆಯೆಂಬ ಸುದ್ದಿಗೆ ನಾನು ಅಷ್ಟಾಗಿ ಬೆಲೆ ಕೊಡದಿರುವುದು ಇದಕ್ಕೇ. ಆದರೆ ಫರ್ನೇಸ್ ಆಯಿಲ್ ನೀರನ್ನು ಹೀರಿ ಕಂದು ಲೋಳೆಯಾದ ಮೇಲೆ ಈ ಕೋಷ್ಟಕ ನಡೆಯದು.

ಮುಂದಿನ ಹಾರಾಟ ಎಲ್ಲಿಗೆ ಎಂಬುದನ್ನು ಹೀಗೆ ಲೆಕ್ಕ ಹಾಕಬಹುದು: ಎಣ್ಣೆ ನೀರಿನ ಹರಿವಿನೊಂದಿಗೆ ಪೂರ್ಣ ವೇಗದಲ್ಲಿ ಸಾಗುತ್ತದೆ, ಜೊತೆಗೆ ಗಾಳಿಯ ವೇಗದ ಸುಮಾರು 3 ಪ್ರತಿಶತದಷ್ಟು ಅದರ ದಿಕ್ಕಿಗೆ ಸರಿಯುತ್ತದೆ. ಪಡುವಣ ಗಾಳಿ ಸೆಕೆಂಡಿಗೆ 10 ಮೀಟರ್ ಬೀಸಿದರೆ ಒಂದು ದಿನಕ್ಕೆ ಹೆಚ್ಚುಕಡಿಮೆ 26 ಕಿಲೋಮೀಟರ್ ದಡದ ಕಡೆಗೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹರಿವು ತೆಂಕಣಕ್ಕಿರುವುದರಿಂದ ಎರಡನ್ನೂ ಕೂಡಿಸಿ ಆಗ್ನೇಯಕ್ಕೆ ಹುಡುಕಬೇಕು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇಂಥ ಮುನ್ಸೂಚನೆಯನ್ನು ಕಂಪ್ಯೂಟರ್ ಮಾದರಿಗಳ ಮೂಲಕ ಕೊಡುತ್ತದೆ. ಅದಕ್ಕೂ ವಿಮಾನದಿಂದ ಕಂಡ ಜಾಗಕ್ಕೂ ವ್ಯತ್ಯಾಸ ಬಂದರೆ, ಕಂಡ ಜಾಗವನ್ನೇ ಹೊಸ ಆರಂಭಬಿಂದುವಾಗಿ ಕೊಟ್ಟು ಲೆಕ್ಕವನ್ನು ಮತ್ತೆ ಮಾಡಿಸಬೇಕು.