ಮೀಡಿಯಾ ಬದಲಾದರೆ ಮೆಥೊಟ್ರೆಕ್ಸೇಟ್ ಮಾಡುವ ಹಾನಿಯೂ ಬದಲಾಗುತ್ತದೆ: ಕೋಲಾರದ ಲ್ಯಾಬಿನಿಂದ ನನ್ನ ಅನುಭವ

ಔಷಧವೊಂದು ವರ್ಣತಂತುಗಳನ್ನು ಒಡೆಯುತ್ತದೆಯೇ ಎಂದು ವಿಚಾರಿಸುವವರು ಔಷಧದ ಹೆಸರು ಕೇಳುತ್ತಾರೆ, ಪ್ರಮಾಣ ಕೇಳುತ್ತಾರೆ. ಜೀವಕೋಶಗಳನ್ನು ಯಾವ ಮೀಡಿಯಾದಲ್ಲಿ, ಅಂದರೆ ಯಾವ ಪೋಷಕ ದ್ರವದಲ್ಲಿ, ಬೆಳೆಸಿದಿರಿ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದೇ ಅದು ಎಂದು ಕೋಲಾರದ ನಮ್ಮ ಲ್ಯಾಬಿನಲ್ಲಿ ನನಗೆ ಖಚಿತವಾದದ್ದು ಮೆಥೊಟ್ರೆಕ್ಸೇಟ್‌ನಿಂದ.

ಕೀಲುವಾತಕ್ಕೆ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ, ಕೆಲವು ಕ್ಯಾನ್ಸರ್‌ಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವ ಔಷಧ ಇದು. ಜೀವಕೋಶದೊಳಗೆ ಫೋಲೇಟ್ ಎಂಬ ವಿಟಮಿನ್‌ನ ಚಕ್ರಕ್ಕೆ ತಡೆ ಹಾಕುತ್ತದೆ. ಡಿಎನ್‌ಎಗೆ ಬೇಕಾದ ಥೈಮಿನ್ ತಯಾರಾಗಲು ಈ ಚಕ್ರ ಬೇಕು. ಥೈಮಿನ್ ಕೊರತೆಯಾದಾಗ ಡಿಎನ್‌ಎಯಲ್ಲಿ ಅದರ ಜಾಗಕ್ಕೆ ಯುರಾಸಿಲ್ ಬಂದು ಕೂರುತ್ತದೆ. ರಿಪೇರಿ ಕಿಣ್ವಗಳು ಅದನ್ನು ಕತ್ತರಿಸಿ ತೆಗೆಯುತ್ತವೆ. ತುಂಬಲು ಥೈಮಿನ್ ಇಲ್ಲದ್ದರಿಂದ ಮತ್ತೆ ಯುರಾಸಿಲ್ಲೇ ಸೇರುತ್ತದೆ, ಮತ್ತೆ ಕತ್ತರಿ ಬೀಳುತ್ತದೆ. ಎರಡೂ ಎಳೆಗಳಲ್ಲಿ ಹತ್ತಿರ ಹತ್ತಿರವೇ ಕತ್ತರಿ ಬಿದ್ದರೆ ವರ್ಣತಂತು ತುಂಡಾಗುತ್ತದೆ.

ಒಬ್ಬರೇ ದಾನಿಯ ರಕ್ತ, ಅದೇ ಔಷಧ, ಅದೇ ಪ್ರಮಾಣ. ಒಂದು ಸಾಲು ಟ್ಯೂಬ್‌ಗಳನ್ನು ಆರ್‌ಪಿಎಂಐ 1640 ಎಂಬ ಮೀಡಿಯಾದಲ್ಲೂ ಇನ್ನೊಂದು ಸಾಲನ್ನು ಹ್ಯಾಮ್ಸ್ ಎಫ್-10 ಎಂಬ ಮೀಡಿಯಾದಲ್ಲೂ ಇಟ್ಟಿದ್ದೆವು. ಮೈಕ್ರೋಸ್ಕೋಪ್ ಮುಂದೆ ಕೂತಿದ್ದ ವಿದ್ಯಾರ್ಥಿನಿ, “ಮೇಡಮ್, ಎಫ್-10 ಸ್ಲೈಡ್‌ಗಳೆಲ್ಲ ಕ್ಲೀನಾಗಿವೆ. ಔಷಧಿ ಕೆಲಸಾನೇ ಮಾಡಿಲ್ವೇನೋ” ಅಂದಳು. ಆರ್‌ಪಿಎಂಐ ಸ್ಲೈಡ್‌ಗಳಲ್ಲಿ ಮಾತ್ರ ಮುರಿದ ಕ್ರೊಮ್ಯಾಟಿಡ್‌ಗಳು (ನಕಲಾದ ವರ್ಣತಂತುವಿನ ಎರಡು ಪ್ರತಿಗಳಲ್ಲಿ ಒಂದೊಂದೂ ಒಂದು ಕ್ರೊಮ್ಯಾಟಿಡ್) ಕಣ್ಣಿಗೆ ಹೊಡೆಯುವಂತಿದ್ದವು.

ಉತ್ತರ ಇದ್ದದ್ದು ಮೀಡಿಯಾದ ಘಟಕಗಳ ಪಟ್ಟಿಯಲ್ಲಿ. ಎಫ್-10ರಲ್ಲಿ ಥೈಮಿಡಿನ್ (ಥೈಮಿನ್‌ಗೆ ಸಕ್ಕರೆಯ ಅಣು ಸೇರಿದ ರೂಪ) ಇದೆ, ಡಿಎನ್‌ಎಯ ಬೇರೆ ಘಟಕಗಳಿಗೆ ಬೇಕಾದ ಹೈಪೊಕ್ಸಾಂಥಿನ್ ಇದೆ. ಆರ್‌ಪಿಎಂಐ 1640ರಲ್ಲಿ ಎರಡೂ ಇಲ್ಲ. ಔಷಧ ಒಳಗಿನ ತಯಾರಿಕೆಯನ್ನು ನಿಲ್ಲಿಸಿದರೂ ಜೀವಕೋಶ ಹೊರಗಿನಿಂದ ಸಿದ್ಧ ಥೈಮಿಡಿನ್ ಎಳೆದುಕೊಂಡು ಕೆಲಸ ಸಾಗಿಸುತ್ತದೆ. ಇದು ಗುಟ್ಟೇನಲ್ಲ. 1976ರಲ್ಲಿ ವಿಜ್ಞಾನಿ ಯೂನಿಸ್ ರೂಪಿಸಿದ ಹೈ ರೆಸಲ್ಯೂಶನ್ ಬ್ಯಾಂಡಿಂಗ್ (ವರ್ಣತಂತುವಿನ ಪಟ್ಟೆಗಳನ್ನು ಹೆಚ್ಚು ಸೂಕ್ಷ್ಮವಾಗಿ ನೋಡುವ) ವಿಧಾನದಲ್ಲಿ ಮೆಥೊಟ್ರೆಕ್ಸೇಟ್ ಹಾಕಿ ಜೀವಕೋಶಗಳನ್ನು ತಡೆದು, ಆಮೇಲೆ ಥೈಮಿಡಿನ್ ಹಾಕಿಯೇ ಬಿಡುಗಡೆ ಮಾಡುತ್ತಾರೆ.

ಆದರೂ ಎರಡು ಮೀಡಿಯಾಗಳ ನಡುವೆ ಬೇರೆ ವ್ಯತ್ಯಾಸಗಳೂ ಇವೆ, ಹಾಗಾಗಿ ಪಟ್ಟಿ ಓದಿದ್ದಷ್ಟೇ ಸಾಲದು. ಮೂರನೆಯ ಸಾಲು ಇಟ್ಟೆ: ಆರ್‌ಪಿಎಂಐ, ಮೆಥೊಟ್ರೆಕ್ಸೇಟ್, ಜೊತೆಗೆ 10 ಮೈಕ್ರೊಮೋಲಾರ್ ಥೈಮಿಡಿನ್. ನಾಲ್ಕನೆಯದರಲ್ಲಿ ಥೈಮಿಡಿನ್ ಮಾತ್ರ, ಏಕೆಂದರೆ ಪ್ರಮಾಣ ಮಿಲಿಮೋಲಾರ್ (ಮೈಕ್ರೊಮೋಲಾರ್‌ನ ಸಾವಿರ ಪಟ್ಟು) ಮಟ್ಟಕ್ಕೇರಿದರೆ ಥೈಮಿಡಿನ್ನೇ ಡಿಎನ್‌ಎ ನಕಲಾಗುವುದನ್ನು ತಡೆಯುತ್ತದೆ.

ಮೀಡಿಯಾಕ್ಕೆ ಬೆರೆಸುವ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಇದಕ್ಕಿಂತ ತಲೆನೋವು. ಕರುವಿನ ಸೀರಮ್‌ನಲ್ಲೂ ಥೈಮಿಡಿನ್, ಹೈಪೊಕ್ಸಾಂಥಿನ್ ಇರುತ್ತವೆ, ಬ್ಯಾಚಿನಿಂದ ಬ್ಯಾಚಿಗೆ ಅಳತೆ ಬೇರೆ. ಸಣ್ಣ ಅಣುಗಳನ್ನು ಸೋಸಿ ತೆಗೆದ ಡಯಲೈಸ್ಡ್ ಸೀರಮ್ ದುಬಾರಿ, ಆದರೆ ಈ ಪ್ರಯೋಗಕ್ಕೆ ಅದಿಲ್ಲದೆ ಆಗದು. ಕೆಂಪು ರಕ್ತಕಣಗಳಲ್ಲಿ ಫೋಲೇಟ್ ಇರುವುದರಿಂದ ಇಡೀ ರಕ್ತದ ಬದಲು ಫೈಕಾಲ್ ಎಂಬ ಸಾಂದ್ರ ದ್ರಾವಣದ ಮೇಲೆ ಬೇರ್ಪಡಿಸಿದ ಲಿಂಫೊಸೈಟ್‌ಗಳನ್ನೇ (ಒಂದು ಬಗೆಯ ಬಿಳಿ ರಕ್ತಕಣ) ಬಳಸಿದೆ. ನೀರಿನ ವಿಷಯದಲ್ಲಂತೂ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಿಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ಗಡಸುತನ ಎರಡೂ ಇರುವ ಊರಿದು. ಪುಡಿ ಮೀಡಿಯಾ ಕರಗಿಸುವ ಬದಲು ಸಿದ್ಧ ದ್ರವವನ್ನೇ ತರಿಸಿದೆ.

ಉಳಿದದ್ದು ಎಲ್ಲ ಲ್ಯಾಬಿನಲ್ಲೂ ನಡೆಯುವ ಕ್ರಮವೇ. ಲಿಂಫೊಸೈಟ್‌ಗಳನ್ನು ವಿಭಜನೆಗೆ ಹಚ್ಚುವ ಪಿಎಚ್‌ಎ ಹಾಕಿ 37 ಡಿಗ್ರಿಯಲ್ಲಿ 72 ಗಂಟೆ, ಕೊನೆಯ 24 ಗಂಟೆಗೆ ಔಷಧ, ಕಡೆಯ ಗಂಟೆಗೆ ವಿಭಜನೆಯನ್ನು ಅರ್ಧದಲ್ಲಿ ನಿಲ್ಲಿಸುವ ಕಾಲ್ಸೆಮಿಡ್. ಆಮೇಲೆ ಜೀವಕೋಶ ಉಬ್ಬಲು 0.075 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್, ಅದನ್ನು ಹಾಗೇ ಸ್ಥಿರಗೊಳಿಸಲು ಮೂರು ಪಾಲು ಮೆಥನಾಲ್‌ಗೆ ಒಂದು ಪಾಲು ಅಸಿಟಿಕ್ ಆಮ್ಲ. ಮಾರ್ಚ್ ಬಂತೆಂದರೆ ಇಲ್ಲಿನ ಒಣಹವೆಗೆ ಸ್ಲೈಡ್ ಕ್ಷಣದಲ್ಲಿ ಆರಿ ವರ್ಣತಂತುಗಳು ಹರಡದೆ ಗುಂಪಾಗಿ ನಿಂತುಬಿಡುತ್ತವೆ. ಬಿಸಿನೀರಿನ ಹಬೆಗೆ ಸ್ಲೈಡನ್ನು ಒಂದು ಉಸಿರಿನಷ್ಟು ಹೊತ್ತು ಹಿಡಿದು ಹನಿ ಬಿಟ್ಟರೆ ಚೆನ್ನಾಗಿ ಹರಡುತ್ತವೆ.

ಪ್ರಮಾಣ ಆರಿಸುವುದರಲ್ಲೇ ಹೆಚ್ಚು ಹೊತ್ತು ಹೋಯಿತು. ಔಷಧ ಜಾಸ್ತಿಯಾದರೆ ಆರ್‌ಪಿಎಂಐಯಲ್ಲಿ ಜೀವಕೋಶಗಳು ವಿಭಜನೆಯ ತನಕ ಬರುವುದೇ ಇಲ್ಲ. ಮೆಟಾಫೇಸ್ (ವರ್ಣತಂತುಗಳು ಸ್ಪಷ್ಟವಾಗಿ ಕಾಣುವ ವಿಭಜನೆಯ ಹಂತ) ಇಲ್ಲದ ಸ್ಲೈಡಿನಲ್ಲಿ ಬ್ರೇಕ್, ಅಂದರೆ ಮುರಿತ, ಎಲ್ಲಿಂದ ಕಾಣಬೇಕು? ಮೈಟಾಟಿಕ್ ಇಂಡೆಕ್ಸ್ (ವಿಭಜನೆಯಲ್ಲಿರುವ ಜೀವಕೋಶಗಳ ಪಾಲು) ಸುಮಾರು ಅರ್ಧಕ್ಕೆ ಇಳಿಯುವ ಪ್ರಮಾಣಕ್ಕಿಂತ ಮೇಲೆ ಹೋಗಲಿಲ್ಲ. ಸ್ಲೈಡ್‌ಗಳಿಗೆ ಕೋಡ್ ಅಂಟಿಸಿ, ಎಣಿಸುವವರಿಗೆ ಯಾವುದು ಯಾವುದೆಂದು ತಿಳಿಯದಂತೆ ಮಾಡಿದೆ. ಗ್ಯಾಪ್‌ಗಳನ್ನು ಬೇರೆಯೇ ಬರೆದೆವು: ಬಣ್ಣ ಹಿಡಿಯದ ಜಾಗ ಒಂದು ಕ್ರೊಮ್ಯಾಟಿಡ್ ಅಗಲಕ್ಕಿಂತ ಕಡಿಮೆಯಿದ್ದು ತುದಿ ನೇರವಾಗಿಯೇ ಇದ್ದರೆ ಅದು ಗ್ಯಾಪ್, ಬ್ರೇಕ್ ಅಲ್ಲ.

ಕೋಡ್ ಬಿಚ್ಚಿದಾಗ ಥೈಮಿಡಿನ್ ಸೇರಿಸಿದ ಆರ್‌ಪಿಎಂಐ ಸ್ಲೈಡ್‌ಗಳು ಔಷಧ ಹಾಕದವುಗಳ ಹತ್ತಿರಕ್ಕೆ ಬಂದು ನಿಂತಿದ್ದವು. ಜೊತೆಯಲ್ಲೇ ಮೈಟೊಮೈಸಿನ್ ಸಿ ಇಟ್ಟಿದ್ದೆ. ಅದು ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಔಷಧ. ಅಲ್ಲಿ ಥೈಮಿಡಿನ್ ಏನೂ ಮಾಡಲಿಲ್ಲ, ಬ್ರೇಕ್‌ಗಳು ಹಾಗೇ ಇದ್ದವು. ಈ ಹೋಲಿಕೆ ಇಲ್ಲದಿದ್ದರೆ ಥೈಮಿಡಿನ್ ಎಲ್ಲ ಹಾನಿಗೂ ಮದ್ದು ಎಂದು ಯಾರಾದರೂ ತಿಳಿದುಕೊಳ್ಳುತ್ತಿದ್ದರು.

ಇದೇ ಕಥೆ ಹಿಂದೆ ರೋಗಪತ್ತೆಯಲ್ಲೂ ನಡೆದಿದೆ. 1969ರಲ್ಲಿ ಲಬ್ಸ್ ಎಂಬ ವಿಜ್ಞಾನಿ ಒಂದು ಕುಟುಂಬದಲ್ಲಿ ತುದಿ ಮುರಿದಂತಿದ್ದ ಎಕ್ಸ್ ವರ್ಣತಂತುವನ್ನು ಗುರುತಿಸಿದರು. ಬೇರೆಡೆ ಅದು ಸುಲಭವಾಗಿ ಸಿಗಲಿಲ್ಲ. 1977ರಲ್ಲಿ ಆಸ್ಟ್ರೇಲಿಯಾದ ಸದರ್ಲೆಂಡ್ ಕಾರಣ ತೋರಿಸಿದರು: ಫೋಲಿಕ್ ಆಮ್ಲ (ಫೋಲೇಟ್‌ನ ಒಂದು ರೂಪ) ತೀರಾ ಕಡಿಮೆಯಿರುವ ಮೀಡಿಯಂ 199ರಲ್ಲಿ ಆ ಜಾಗ ಕಾಣುತ್ತದೆ, ಪುಷ್ಟಿಯಾದ ಮೀಡಿಯಾಗಳಲ್ಲಿ ಮರೆಯಾಗುತ್ತದೆ. ಲೀಟರಿಗೆ 199ರಲ್ಲಿ 0.01 ಮಿಲಿಗ್ರಾಂ ಫೋಲಿಕ್ ಆಮ್ಲ, ಆರ್‌ಪಿಎಂಐ 1640ರಲ್ಲಿ 1 ಮಿಲಿಗ್ರಾಂ, ನೂರು ಪಟ್ಟು. ಫ್ರಜೈಲ್ ಎಕ್ಸ್ (ಎಕ್ಸ್ ವರ್ಣತಂತುವಿನ ಈ ದೋಷದಿಂದ ಬುದ್ಧಿ ಬೆಳವಣಿಗೆ ಕುಂಠಿತವಾಗುವ ಕಾಯಿಲೆ) ಇದ್ದ ಎಷ್ಟು ಮಕ್ಕಳ ವರದಿ ಒಳ್ಳೆಯ ಮೀಡಿಯಾದ ದೆಸೆಯಿಂದ ‘ನಾರ್ಮಲ್’ ಎಂದು ಹೋಗಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ. ಈಗ ಆ ಪರೀಕ್ಷೆ ನೇರವಾಗಿ ಡಿಎನ್‌ಎ ಮೇಲೆಯೇ ನಡೆಯುತ್ತದೆ.

ನಮ್ಮ ಫಲಿತಾಂಶ ನೋಡಿದ ಮೆಡಿಸಿನ್ ವಿಭಾಗದ ಡಾಕ್ಟರೊಬ್ಬರು, ಮೆಥೊಟ್ರೆಕ್ಸೇಟ್ ಜೊತೆ ಕೊಡುವ ಫೋಲಿಕ್ ಆಸಿಡ್ ಮಾತ್ರೆಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದರು. ರೋಗಿಯ ದೇಹದಲ್ಲಿ ಯಕೃತ್ತು, ಮೂತ್ರಪಿಂಡ ಎರಡೂ ಕೆಲಸ ಮಾಡುತ್ತಿರುತ್ತವೆ, ಟ್ಯೂಬಿನಲ್ಲಿ ಅವಿಲ್ಲ. ಇದನ್ನು ನೋಡಿ ಯಾರ ಮಾತ್ರೆಯನ್ನೂ ಬದಲಿಸಬಾರದು ಎಂದೇ ಹೇಳಿದೆ. ಲ್ಯಾಬಿನ ರಿಜಿಸ್ಟರಿನಲ್ಲಿ ಮಾತ್ರ ಔಷಧದ ಕಾಲಮ್ಮಿನ ಪಕ್ಕ ಮೀಡಿಯಾದ ಹೆಸರು, ಸೀರಮ್ಮಿನ ಬ್ಯಾಚ್, ಇಡೀ ರಕ್ತವೋ ಬೇರ್ಪಡಿಸಿದ ಜೀವಕೋಶವೋ ಎಂಬ ಕಾಲಮ್ಮುಗಳನ್ನು ಹಾಕಿಸಿದ್ದೇನೆ. ಅವು ಖಾಲಿ ಇದ್ದರೆ ಸ್ಲೈಡ್ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.