ಬೆಂಗಳೂರು ಕೋಟೆಯ ಯುದ್ಧನಡಿಗೆ: ನಡೆಸಿಕೊಡುವುದು ಹೇಗೆ?

1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸನ ಸೇನೆ ಟಿಪ್ಪು ಸುಲ್ತಾನನ ವಶದಲ್ಲಿದ್ದ ಬೆಂಗಳೂರಿನ ಕೋಟೆಯನ್ನು ವಶಪಡಿಸಿಕೊಂಡ ಸಂಗತಿ ಅನೇಕರಿಗೆ ಗೊತ್ತಿದೆಯಾದರೂ, ಅದು ಹೇಗೆ ಸಾಧ್ಯವಾಯಿತೆಂಬುದು ಆ ನೆಲದ ಮೇಲೆ ನಡೆದಾಗಲೇ ಮನದಟ್ಟಾಗುತ್ತದೆ. ಅಂಥ ನಡಿಗೆಯೊಂದನ್ನು ನೀವೇ ಮುನ್ನಡೆಸುವುದಾದರೆ, ಮಾರುಕಟ್ಟೆಯ ಗದ್ದಲದಲ್ಲೂ ಎಲ್ಲರಿಗೂ ಮಾತು ಕೇಳಿಸುವಂತೆ ಹತ್ತು ಹನ್ನೆರಡು ಮಂದಿಯ ಗುಂಪನ್ನಷ್ಟೇ ಕಟ್ಟಿಕೊಳ್ಳಿ. ಕೋಟೆ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ ತೆರೆಯುವ ವೇಳೆಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಅನೇಕರು ನೇರವಾಗಿ ಕೋಟೆಯಿಂದಲೇ ಆರಂಭಿಸುತ್ತಾರೆ. ಅದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅವೆನ್ಯೂ ರಸ್ತೆಯಲ್ಲಿ, ಅಂದರೆ ಹಳೆಯ ಪೇಟೆಯೊಳಗೆ ನಿಂತು ಕಥೆ ತೊಡಗಬೇಕು. ಪೇಟೆಗೆ ತನ್ನದೇ ಆದ ಗೋಡೆ, ಕಂದಕ, ಮುಳ್ಳುಬೇಲಿಗಳಿದ್ದವು. ಮಾರ್ಚ್ 7ರಂದು ಬ್ರಿಟಿಷರು ಮೊದಲು ಹಿಡಿದದ್ದು ಈ ಪೇಟೆಯನ್ನು. ಅದನ್ನು ಮರಳಿ ಪಡೆಯಲು ಟಿಪ್ಪುವಿನ ಸೈನಿಕರು ಬೀದಿಬೀದಿಗಳಲ್ಲಿ ಹೋರಾಡಿ ಅಪಾರ ಸಾವುನೋವು ಅನುಭವಿಸಿದರು. ಪೇಟೆ ಕೈಬಿಟ್ಟ ಮೇಲೆ ಕೋಟೆಯ ಉತ್ತರದ ಮಗ್ಗುಲಲ್ಲಿ ಶತ್ರುವಿಗೆ ನೆಲೆ ಸಿಕ್ಕಿತು. ಇದನ್ನು ವಿವರಿಸಿ, ಅಲ್ಲಿಂದ ದಕ್ಷಿಣಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆಯತ್ತ ಮೌನವಾಗಿ ನಡೆಸಿ. ಪೇಟೆಗೂ ಕೋಟೆಗೂ ನಡುವಿನ ಅಂತರ ಎಷ್ಟು ಕಿರಿದೆಂಬುದನ್ನು ಕಾಲುಗಳೇ ಅಳೆಯಲಿ.

ಕೋಟೆಯ ದೆಹಲಿ ಬಾಗಿಲನ್ನು ತಲುಪಿದಾಗ ಆತುರಪಡಬೇಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರಾಲಿ 1761ರ ಸುಮಾರಿಗೆ ಕಲ್ಲಿನಲ್ಲಿ ಬಲಪಡಿಸಿದನು. ಇಂದು ಉಳಿದಿರುವುದು ಅದರ ಒಂದು ಸಣ್ಣ ಭಾಗ ಮಾತ್ರ. ಇಲ್ಲಿ ಹಳೆಯ ನಕ್ಷೆಯ ಪ್ರತಿಯೊಂದನ್ನು ಬಿಡಿಸಿ, ಕಣ್ಮರೆಯಾದ ಗೋಡೆ ಯಾವ ಕಡೆಗೆ ಸಾಗುತ್ತಿತ್ತೆಂದು ಕೈಚಾಚಿ ತೋರಿಸಿ. ನಂತರ ಬ್ರಿಟಿಷರು ಗೋಡೆಯನ್ನು ಒಡೆದು ಒಳನುಗ್ಗಿದ ಜಾಗವನ್ನು ಸೂಚಿಸುವ ಫಲಕದ ಬಳಿಗೆ ಕರೆದೊಯ್ಯಿರಿ. ಫಲಕ ದಾಳಿಯನ್ನಷ್ಟೇ ಸ್ಮರಿಸುತ್ತದೆ. ಮಾರ್ಚ್ 21ರ ಆ ಬೆಳದಿಂಗಳ ರಾತ್ರಿ ಕೋಟೆಯನ್ನು ಕಾಯುತ್ತಲೇ ಮಡಿದ ಕಿಲ್ಲೇದಾರ (ಕೋಟೆಯ ಅಧಿಕಾರಿ) ಬಹಾದುರ್ ಖಾನನ ಹೆಸರನ್ನು ಅಲ್ಲಿ ನಿಂತು ಹೇಳುವುದು ಮಾರ್ಗದರ್ಶಕರ ಹೊಣೆ.

ಕೊನೆಗೆ, ಹೈದರಾಲಿ ಆರಂಭಿಸಿ ಟಿಪ್ಪು ಅದೇ 1791ರಲ್ಲಿ ಪೂರ್ಣಗೊಳಿಸಿದ ಬೇಸಿಗೆ ಅರಮನೆಗೆ ಬನ್ನಿ. ತೇಗದ ಕಂಬಗಳ ನೆರಳಿನಲ್ಲಿ ಎಲ್ಲರನ್ನೂ ಕೂರಿಸಿ, ಮರುವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತೆಂಬುದನ್ನು ತಿಳಿಸಿ, ಪ್ರಶ್ನೆಗಳಿಗೆ ಸಾಕಷ್ಟು ಸಮಯ ಕೊಡಿ.