ಓಡುವುದು ಅವನಿಗೆ ಗೊತ್ತಿತ್ತು, ಕೂರುವುದನ್ನು ಕಲಿಸಬೇಕಿತ್ತು

ಕರಿಯ ಮನೆಗೆ ಬಂದಾಗ ಎಂಟು ವಾರದ ಮರಿ. ಕಪ್ಪು ಲ್ಯಾಬ್ರಡಾರ್. ಹೊಡೆದುರುಳಿಸಿದ ಹಕ್ಕಿಯನ್ನು ಹುಡುಕಿ, ಹಲ್ಲು ನಾಟಿಸದೆ ತಂದುಕೊಡುವ ಕೆಲಸಕ್ಕೆ ಬೆಳೆಸಿದ ತಳಿ. ನಾನು ಬೇಟೆ ಆಡುವವನಲ್ಲ. ಆದರೆ ನಾಯಿಗೆ ಅದರ ಕಸುಬು ಕಲಿಸಬೇಕು ಅನ್ನೋ ಆಸೆ ಇತ್ತು. ಹಕ್ಕಿಯ ಬದಲು ಬಟ್ಟೆಯ ಡಮ್ಮಿ, ಅಷ್ಟೇ.

ಮೊದಲ ಪಾಠ ಮನೆಯ ಪ್ಯಾಸೇಜಿನಲ್ಲಿ. ಎಲ್ಲ ಬಾಗಿಲು ಮುಚ್ಚಿ, ಸುತ್ತಿದ ಕಾಲುಚೀಲವನ್ನು ಆ ತುದಿಗೆ ಎಸೆಯುತ್ತಿದ್ದೆ. ಅದನ್ನು ಕಚ್ಚಿಕೊಂಡ ಮೇಲೆ ಅವನಿಗೆ ನನ್ನ ಕಡೆ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ. ಅವನಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸುತ್ತಿದ್ದೆ. ಬಾಯಲ್ಲಿದ್ದುದನ್ನು ತಕ್ಷಣ ಕಿತ್ತುಕೊಳ್ಳುತ್ತಿರಲಿಲ್ಲ. ಎದೆ ಸವರಿ, ಒಂದೆರಡು ಮಾತಾಡಿ, ಆಮೇಲೆ ಕೆಳಗೆ ಕೈ ಒಡ್ಡುತ್ತಿದ್ದೆ. ಕಿತ್ತುಕೊಂಡರೆ ನಾಯಿ ಬಿಗಿಯಾಗಿ ಕಚ್ಚಿ ಹಿಡಿಯುವುದನ್ನು ಕಲಿಯುತ್ತದೆ. ಆ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ತುಂಬಾ ಕಷ್ಟ. ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳತೊಡಗಿದವು. ಒಸಡು ನೋಯುವಾಗ ಯಾಕೆ ಎಂದು ಹೊಸ ಹಲ್ಲು ಬರುವ ತನಕ ತರುವ ಆಟವನ್ನೇ ನಿಲ್ಲಿಸಿದೆ.

ಒಂದು ದಿನ ಬಯಲಿನಲ್ಲಿ ಡಮ್ಮಿ ಕಚ್ಚಿಕೊಂಡು ಓಡಿಹೋದ. ನಾನು ಬೆನ್ನಟ್ಟಿದೆ. ಅವನಿಗೋ ಭಾರೀ ಖುಷಿ, ನನಗೆ ಏದುಸಿರು. ಅದು ಶುದ್ಧ ದಡ್ಡತನ. ಮುಂದಿನ ಸಲ ಅವನು ಹಾಗೆ ಮಾಡಿದಾಗ ನಾನೇ ತಿರುಗಿ ಬೇರೆ ದಿಕ್ಕಿಗೆ ಓಡಿದೆ. ಅರ್ಧ ನಿಮಿಷದಲ್ಲಿ ಹಿಂದೆಯೇ ಬಂದ, ಬಾಯಲ್ಲಿ ಡಮ್ಮಿ ಸಮೇತ.

ತರುವುದು ಅವನ ರಕ್ತದಲ್ಲೇ ಇತ್ತು. ಎಸೆದಾಗ ಸುಮ್ನೆ ಕೂತಿರುವುದು ಇರಲಿಲ್ಲ. ನನ್ನ ಶ್ರಮದ ಮುಕ್ಕಾಲು ಪಾಲು ಹೋದದ್ದು ಇಲ್ಲೇ. ಡಮ್ಮಿ ಗಾಳಿಯಲ್ಲಿದ್ದಾಗ ಅವನ ಹಿಂಗಾಲು ನಡುಗುತ್ತಿತ್ತು, ಗಂಟಲಿನಿಂದ ಕುಂಯ್ ಅನ್ನೋ ಸಣ್ಣ ದನಿ. ಹತ್ತು ಸಲ ಎಸೆದರೆ ಆರೇಳು ಸಲ ಅವನನ್ನು ಕೂರಿಸಿ ನಾನೇ ನಡೆದು ಹೋಗಿ ಎತ್ತಿಕೊಂಡು ಬಂದೆ. ನೋಡಿದವರಿಗೆ ನಗು ಬರುತ್ತದೆ, ನಾಯಿ ಕೂತಿದೆ, ಯಜಮಾನ ತರುತ್ತಿದ್ದಾನೆ! ಆದರೆ ಎಸೆದದ್ದೆಲ್ಲ ತನಗೇ ಅಲ್ಲ ಅನ್ನುವುದು ತಲೆಗೆ ಹೋಗದಿದ್ದರೆ ಮುಂದಿನ ಯಾವ ಪಾಠವೂ ನಿಲ್ಲುವುದಿಲ್ಲ.

ಸೀಟಿ ಊದುವುದನ್ನು ಊಟದ ಹೊತ್ತಲ್ಲಿ ಶುರು ಮಾಡಿದೆ. ಪೀ-ಪೀ-ಪೀ ಎಂದು ಚಿಕ್ಕದಾಗಿ ಊದಿದರೆ ಬಾ. ಒಂದೇ ಉದ್ದ ಊದಿದರೆ ಇದ್ದಲ್ಲೇ ಕೂರು, ನನ್ನನ್ನು ನೋಡು. ಬಾಯಲ್ಲಿ ಕೂಗಿದರೆ ನನ್ನ ಸಿಟ್ಟೂ ಅವನ ಕಿವಿಗೆ ಹೋಗುತ್ತಿತ್ತು. ಸೀಟಿಗೆ ಸಿಟ್ಟು ಬರುವುದಿಲ್ಲ, ದೂರಕ್ಕೂ ಕೇಳಿಸುತ್ತದೆ. ಕೂರುವ ಸೀಟಿಯನ್ನು ಮೊದಲು ಎರಡು ಅಡಿ ದೂರದಲ್ಲಿ ಕಲಿಸಿ, ಆಮೇಲೆ ಹತ್ತು, ಆಮೇಲೆ ಮೂವತ್ತು ಅಡಿಗೆ ಹೋದೆ. ತಪ್ಪಿದರೆ ಬೈಯದೆ ಮತ್ತೆ ಹತ್ತಿರದಿಂದ ಶುರು. ಹತ್ತು ಮೀಟರ್ ಹಗ್ಗ ಸದಾ ಇರುತ್ತಿತ್ತು. ಅದನ್ನು ಕಾಲರ್‌ಗೆ ಕಟ್ಟದೆ ಎದೆಪಟ್ಟಿಗೆ ಕಟ್ಟುತ್ತಿದ್ದೆ, ಓಟದಲ್ಲಿ ಜಗ್ಗಿದರೆ ಕುತ್ತಿಗೆಗೆ ಪೆಟ್ಟಾಗಬಾರದಲ್ವಾ?

ಸದ್ದಿನ ವಿಷಯದಲ್ಲಿ ನಾನು ಆತುರಪಟ್ಟೆ. ಗುಂಡಿನ ಸದ್ದಿಗೆ ಹೆದರುವ ನಾಯಿ ಈ ಕೆಲಸಕ್ಕೆ ಆಗುವುದಿಲ್ಲ. ಅದಕ್ಕೆ ಅವನು ಆಟದಲ್ಲಿ ಮೈಮರೆತಿರುವಾಗ ಗೆಳೆಯನೊಬ್ಬ ದೂರದಲ್ಲಿ ಎರಡು ಹಲಗೆ ಬಡಿಯುತ್ತಿದ್ದ. ಕರಿಯ ಕಿವಿ ನಿಮಿರಿಸಿ ಮತ್ತೆ ಆಟಕ್ಕೆ ಮರಳುತ್ತಿದ್ದ. ವಾರ ಚೆನ್ನಾಗಿ ಹೋಯಿತೆಂದು ದೂರವನ್ನು ಒಂದೇ ಸಲಕ್ಕೆ ಅರ್ಧ ಮಾಡಿದೆ. ಬಾಲ ಹೊಟ್ಟೆಯಡಿಗೆ ಹೋಯಿತು. ಎರಡು ದಿನ ಮಂಚದ ಕೆಳಗಿಂದ ಸರಿಯಾಗಿ ಹೊರಗೇ ಬರಲಿಲ್ಲ. ಆ ಒಂದು ಸಂಜೆಯ ತಪ್ಪನ್ನು ಸರಿಪಡಿಸಲು ಎರಡು ತಿಂಗಳು ಬೇಕಾಯಿತು.

ಅವನು ನನಗೆ ಪಾಠ ಕಲಿಸಿದ ದಿನವೂ ಒಂದಿದೆ. ಬೆಳಗ್ಗೆ, ಹುಲ್ಲಿನ್ನೂ ಒದ್ದೆ. ಬೇಲಿಯ ಪಕ್ಕ ಡಮ್ಮಿ ಬಚ್ಚಿಟ್ಟು ಅವನನ್ನು ಬಿಟ್ಟೆ. ಎಡ-ಬಲ ಹಾವಿನಂತೆ ಸುತ್ತುತ್ತಾ ಹೋದ. ನಾನು ಬಲಕ್ಕೆ ಕೈ ತೋರಿಸುತ್ತಲೇ ಇದ್ದೆ. ಅವನು ತಟ್ಟನೆ ಎಡಕ್ಕೆ ಕತ್ತು ಹೊರಳಿಸಿದ, ಬಾಲ ಬಿರುಸಾಯಿತು, ಮೂಗು ಮೇಲೆದ್ದಿತು. ಗಾಳಿ ಎಡದಿಂದ ಬೀಸುತ್ತಿತ್ತು. ನಾನು ಹಟಕ್ಕೆ ಬಿದ್ದು ಸೀಟಿ ಊದಿ ಬಲಕ್ಕೆ ಕಳಿಸಿದೆ. ಪಾಪ, ಹೋದ, ನಿಂತ, ನನ್ನ ಮುಖ ನೋಡಿದ. ಆಮೇಲೆ ಹೋಗಿ ನೋಡಿದರೆ ನಾನಿಟ್ಟಿದ್ದು ಎಡಗಡೆಯ ಕಂಬದ ಬುಡದಲ್ಲಿ. ಕಂಬ ಲೆಕ್ಕ ಹಾಕುವಾಗ ನಾನೇ ತಪ್ಪಿದ್ದೆ. ಆವತ್ತಿನಿಂದ ಅವನ ಮೂಗು ಏನಾದರೂ ಹಿಡಿದರೆ ನಾನು ಸೀಟಿಯನ್ನು ಬಾಯಿಂದ ತೆಗೆದುಬಿಡುತ್ತೇನೆ.

ಈಗ ಅವನಿಗೆ ಮೂರು ವರ್ಷ. ಮೊನ್ನೆ ಪೊದೆಯಿಂದ ಮೊಲವೊಂದು ಚಂಗನೆ ಹಾರಿತು. ಕರಿಯ ನಾಲ್ಕು ನೆಗೆತ ಹಾಕಿಯೇಬಿಟ್ಟ. ಉದ್ದ ಊದಿದೆ. ಮಣ್ಣು ಕೆದರುತ್ತಾ ಕೂತ, ಹಿಂಗಾಲು ಮರಿಯಾಗಿದ್ದಾಗಿನ ಹಾಗೆಯೇ ನಡುಗುತ್ತಿತ್ತು. ನಾನು ಮೆಲ್ಲಗೆ ಅವನ ಬಳಿ ನಡೆದುಹೋಗಿ ಎದೆ ಸವರಿದೆ. ಅಳಿಲಿನ ಮುಂದೆ ಮಾತ್ರ ನನ್ನ ಸೀಟಿ ಇನ್ನೂ ನಡೆಯುವುದಿಲ್ಲ.